ಎಡಗಡೆಯ ಮುಂದಿನ ಚಕ್ರ

ಟಾಲಿವರ್ ಕಣಿವೆ, ನೆವಾಡಾ
೬ ಸೆಪ್ಟೆಂಬರ್ ೧೯೮೧

ಅಪ್ಪಾ,

ಕೆಟ್ಟ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಎಂದಿನಂತೆ ಕಾಗದವನ್ನು ಕೊನೆಯಿಂದ ಓದಲು ಶುರು ಮಾಡುತ್ತೀಯ. ಹಸಿರು ಪಿಕಪ್‌ನ ಮುಂದಿನ ಆಕ್ಸಲ್ ಕೈಕೊಟ್ಟಿದೆ. ಬೆಟ್ಟದಾಚೆ ಕುರಿ ಕಾಯುತ್ತಿರುವ ಎರಮುನ್ ಮಾವನಿಗೆ ಉಪ್ಪು, ಹಿಟ್ಟು ಕೊಟ್ಟು ವಾಪಸು ಬರುವಾಗ ಹಳ್ಳದ ಬಂಡೆಗೆ ಎಡಗಡೆಯ ಮುಂದಿನ ಚಕ್ರ ಬಡಿಯಿತು. ಅಲ್ಲಿಂದ ಮನೆಯವರೆಗೂ ಸ್ಟಿಯರಿಂಗ್ ಒಂದೇ ಕಡೆ ಎಳೆಯುತ್ತಿತ್ತು. ಜಾಕ್ ಕೊಟ್ಟು ಚಕ್ರ ಬಿಚ್ಚಿ ನೋಡಿದೆ. ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಜಾಗದಲ್ಲಿ ಇರುತ್ತದಲ್ಲ, ನೀನು 'ಗೆಣ್ಣು' ಅನ್ನುತ್ತಿದ್ದ ಆ ದೊಡ್ಡ ಕಬ್ಬಿಣದ ತುಂಡು, ಅದು ಬಿರುಕು ಬಿಟ್ಟಿದೆ. ಬಿರುಕಿನೊಳಗೆ ಉಗುರು ಹೋಗುತ್ತದೆ.

ಧಣಿಗೆ ಹೇಳಿದೆ. "ಬೆಸುಗೆ ಹಾಕ್ಸಮ್ಮಾ" ಅಂದ. "ಎರಕದ ಕಬ್ಬಿಣ ಧಣಿ, ಬೆಸುಗೆ ನಿಲ್ಲಲ್ಲ" ಅಂದೆ. "ಹಾಗಾದ್ರೆ ನಿಮ್ಮಪ್ಪನ್ನ ಕೇಳು. ಗುಜರಿಗೂ ಅವನಿಗೂ ಹಳೇ ನೆಂಟಸ್ತಿಕೆ" ಅಂದು ತನ್ನ ಕಾರು ಹತ್ತಿ ಹೋದ. ಹೊಸ ಗಾಡಿಯ ಮಾತೆತ್ತಿದರೆ ಅವನಿಗೆ ಕಿವಿ ಕೇಳುವುದಿಲ್ಲ.

ನಿನಗೆ ನಾನು ಹೇಳಬೇಕಾಗಿಲ್ಲ. ಘಾಟಿ ದಾಟಿ ಆ ಕಡೆಯ ಹೊಂಡದಂಥ ಬಯಲಿಗೆ ಇಳಿಯುವ ಗಾಡಿ ಇದೊಂದೇ. ಹಿಮ ಬೀಳುವುದಕ್ಕೆ ಮುಂಚೆ ಕುರಿಹಿಂಡು ಕೆಳಗೆ ಬರಬೇಕು, ಮಾವ ಬೇಸಿಗೆಯೆಲ್ಲ ಇರುವ ಗಾಲಿಮನೆಯನ್ನು ಎಳೆದು ತರಬೇಕು. ಗಾಡಿ ಹೋಗದಿದ್ದರೆ ಆ ಮುದುಕ ಬೆಟ್ಟದ ಹಿಂದೆ ಹಿಮದಲ್ಲಿ ಸಿಕ್ಕಿಕೊಳ್ಳುತ್ತಾನೆ. ನನಗೆ ಅದೇ ಹೆದರಿಕೆ.

ನಿನ್ನ ತಂಬಾಕಿನ ಡಬ್ಬಿಯನ್ನು ಕೊಟ್ಟೆ. ಒಂಬತ್ತು ವರ್ಷದಿಂದ ನಿನ್ನ ಹೆಸರೆತ್ತದ ಮನುಷ್ಯನಿಗೆ ಪ್ರತಿ ಪಾರ್ಸಲಿನಲ್ಲೂ ತಂಬಾಕು ಇಟ್ಟು ಕಳಿಸುತ್ತೀಯಲ್ಲ, ನಿನಗೆ ಏನನ್ನಲಿ! ಅವನು ತೆಗೆದುಕೊಂಡ, ಗಾಲಿಮನೆಯೊಳಗೆ ಹೋದ, ಖಾಲಿ ಕೈಯಲ್ಲಿ ಹೊರಗೆ ಬಂದ. ಎಂದಿನಂತೆ ನಾನೂ ಡಬ್ಬಿಯನ್ನು ಬಿಚ್ಚಿ ನೋಡಲಿಲ್ಲ. ಬೆಟ್ಟದ ಮೇಲಿನವರ ಹೆಸರಿಗೆ ಬಂದದ್ದನ್ನು ಬುತ್ತಿ ಒಯ್ಯುವವರು ಮುಟ್ಟಿ ನೋಡಬಾರದು ಅಂತ ನೀನೇ ಕಲಿಸಿದ್ದು.

ಗೆಣ್ಣು ಹುಡುಕಪ್ಪಾ. ಬೇಗ.

ನಿನ್ನ
ಮಾಯಲೆನ್


ಎಲ್ಕೊ
೧೫ ಸೆಪ್ಟೆಂಬರ್

ಮಗಳೇ ಮಾಯಲೆನ್,

ಕಾಗದವನ್ನು ಮೊದಲಿನಿಂದಲೇ ಓದಿದೆ. ಕೊನೆಯಿಂದ ಓದಿದ್ದರೂ ಸುದ್ದಿ ಅಷ್ಟೇ ಕೆಟ್ಟದಾಗಿರುತ್ತಿತ್ತು.

ಬಿರುಕು ಬಿಟ್ಟ ಗೆಣ್ಣಿನ ಮೇಲೆ ಘಾಟಿ ಹತ್ತುವ ಯೋಚನೆ ನಿನ್ನ ತಲೆಯಲ್ಲಿದ್ದರೆ ಈಗಲೇ ತೆಗೆದುಹಾಕು. ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಕೀಲಿಯನ್ನು ಎಲ್ಲಾದರೂ ಅಡಗಿಸಿಡು. ಹೇಸರಗತ್ತೆಗಳಿವೆ, ಅವುಗಳ ಮೇಲೆ ಹೇರು. ಎರಡು ದಿನ ಹಿಡಿಯುತ್ತದೆ, ಹಿಡಿಯಲಿ.

ನನ್ನ ಸೊಂಟ ಮೊದಲಿನಂತೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಮೂರು ಕೌಂಟಿಯ ಗುಜರಿಗಳನ್ನು ಜಾಲಾಡಿರುತ್ತಿದ್ದೆ. ಈಗ ನಾನು ಕೋಣೆ ಹಿಡಿದಿರುವ ಊಟದಮನೆಯ ಯಜಮಾನಿಯ ಕಾರೇ ಗತಿ. ಮಾಂಸ ತರುವುದಕ್ಕೆ ಹೊರಟಾಗೆಲ್ಲ ನನ್ನನ್ನೂ ಹತ್ತಿಸಿಕೊಳ್ಳುತ್ತಾಳೆ. "ಬೇರೆ ಗಂಡಸ್ರು ವಯಸ್ಸಾದ ಮೇಲೆ ಚರ್ಚಿಗೆ ಹೋಗ್ತಾರೆ, ನೀನು ಗುಜರಿಗೆ ಹೋಗ್ತೀಯಾ" ಅನ್ನುತ್ತಾಳೆ. "ಅಲ್ಲೂ ಸತ್ತೋರೇ, ಇಲ್ಲೂ ಸತ್ತೋರೇ" ಅಂದೆ. ಆಮೇಲೆ ಆ ಮಾತು ನನಗೇ ಹಿಡಿಸಲಿಲ್ಲ.

ನಿನ್ನೆ ಹೋದ ಗುಜರಿಯಲ್ಲಿ ನಿನಗಿಂತ ಚಿಕ್ಕವನೊಬ್ಬ ಕುಳಿತಿದ್ದ.

"ಯಾವ ವರ್ಷದ್ದು ತಾತ?"

"ಅರವತ್ತೆಂಟು."

"ಎಪ್ಪತ್ತೆರಡರದ್ದು ಇದೆ. ಕೂರುತ್ತೆ ತಗೊಂಡೋಗು."

"ಪಕ್ಕದ ಮನೆಯೋನ ಹಲ್ಲುಸೆಟ್ಟು ನಿನ್ನ ಬಾಯಲ್ಲಿ ಕೂರುತ್ತೇನಯ್ಯಾ?"

ಯಜಮಾನಿ ನಕ್ಕಳು, ಅವನು ನಗಲಿಲ್ಲ. ಅಂಥ ಹಳೆಯ ಗಾಡಿಗಳನ್ನೆಲ್ಲ ಅಪ್ಪಚ್ಚಿ ಮಾಡಿ ಕರಗಿಸುವುದಕ್ಕೆ ಕಳಿಸಿಬಿಡುತ್ತಿದ್ದಾರಂತೆ. ಒಂದು ಕಾಲದಲ್ಲಿ ಪ್ರತಿ ರ‍್ಯಾಂಚಿನ ಹಿತ್ತಲಲ್ಲೂ ಇಂಥ ಎರಡು ಸತ್ತ ಗಾಡಿಗಳು ಹುಲ್ಲಿನಲ್ಲಿ ಮಲಗಿರುತ್ತಿದ್ದವು. ಈಗ ಹುಡುಕಿದರೆ ಒಂದಿಲ್ಲ. ಬಿಡುವುದಿಲ್ಲ, ಉತ್ತರದ ಕಡೆಯ ಗುಜರಿಗಳಿಗೆಲ್ಲ ಬರೆದಿದ್ದೇನೆ.

ಎರಮುನ್ ನನ್ನ ಹೆಸರೆತ್ತುವುದಿಲ್ಲ ಅಂತೀಯ. ಎತ್ತದೇ ಇರಲಿ. ನನ್ನ ಸೊಂಟ ಮುರಿದು ಬೆಟ್ಟ ಬಿಟ್ಟು ಬಂದಾಗ ಧಣಿ ಕೇಳಿದ್ದಕ್ಕೆ ಒಂದೇ ಮಾತು ಹೇಳಿದ್ದೆ. "ಅವನ ಕಣ್ಣು ಮಂದವಾಗ್ತಿದೆ, ಒಬ್ಬನ್ನೇ ಮೇಲೆ ಬಿಡಬೇಡಿ" ಅಂತ. ಧಣಿ ಅವನನ್ನು ಕುರುಬರ ಮುಖ್ಯಸ್ಥನ ಕೆಲಸದಿಂದ ತೆಗೆದ, ಆದರೆ ಒಬ್ಬನನ್ನೇ ಮೇಲೆ ಬಿಟ್ಟ. ನಾನು ಹೇಳಿದ್ದು ಸುಳ್ಳಲ್ಲ ಮಾಯಲೆನ್. ನಿಜ ಹೇಳಿ ಗೆಳೆಯನನ್ನು ಕಳೆದುಕೊಂಡೆ. ತಂಬಾಕನ್ನಾದರೂ ಸೇದಲಿ.

ಇಂತಿ
ನಿನ್ನ ಅಪ್ಪ
ಬೆತ್ತಿರಿ


ಟಾಲಿವರ್ ಕಣಿವೆ
೨೭ ಸೆಪ್ಟೆಂಬರ್

ಅಪ್ಪಾ,

ನೀನು ಹೇಳಿದಂತೆ ಹೇಸರಗತ್ತೆಗಳ ಮೇಲೆ ಹೋಗಿ ಬಂದೆ. ತೊಡೆ ಸುಲಿದಿದೆ, ಅದನ್ನು ಹೆಚ್ಚು ವಿವರಿಸಿ ಬರೆಯುವುದಿಲ್ಲ.

ಒಂದು ವಿಷಯ ಹೇಳಬೇಕು. ಆಸ್ಪೆನ್ ತೋಪು ದಾಟಿ ಬಯಲಿಗೆ ಇಳಿಯುತ್ತ ನಾನು ಸಿಳ್ಳೆ ಹಾಕಿದೆ, ನಿನ್ನಿಂದ ಕಲಿತ ಸಿಳ್ಳೆ. ಮಾವ ದೂರದಲ್ಲಿ ಕೋಲೂರಿಕೊಂಡು ನಿಂತಿದ್ದ. ಹಾಡುಹಗಲು, ಬಿಸಿಲು, ನಡುವೆ ಮರವಿಲ್ಲ ಗಿಡವಿಲ್ಲ. ಕೂಗಿದ: "ಯಾರೋ ಅದು? ಬೆತ್ತಿರೀನಾ?"

"ನಾನು ಮಾವ, ಮಾಯಲೆನ್" ಅಂದೆ. ಅವನು ಮುಖ ತಿರುಗಿಸಿ, "ಗೊತ್ತು. ಕಾಣಲ್ವಾ ನಂಗೆ?" ಅಂದ. ಅಪ್ಪಾ, ಅವನಿಗೆ ಕಾಣುವುದಿಲ್ಲ. ನೀನು ಹೇಳಿದಾಗ ಮಂದವಾಗಿದ್ದಿರಬಹುದು, ಈಗ ಹೆಚ್ಚುಕಡಿಮೆ ಹೋಗಿದೆ. ಕುರಿಗಳಿಗೆ ನೆಕ್ಕಲು ಹಾಕುವ ಉಪ್ಪನ್ನು, ಹಿಂದಿನದು ಇನ್ನೂ ಕರಗದೆ ಬಿದ್ದಿರುವ ಜಾಗದಲ್ಲೇ ಮತ್ತೆ ಹಾಕಿದ್ದಾನೆ. ನೂರಕ್ಕೊಂದರಂತೆ ಹಿಂಡಿನಲ್ಲಿ ಕರಿ ಕುರಿ ಬಿಟ್ಟಿರುತ್ತೇವಲ್ಲ, ಕರಿಯವು ಸರಿಯಿದ್ದರೆ ಹಿಂಡೂ ಸರಿಯಿದೆ ಅಂತ, ಅವನ್ನು ಅವನು ಈಗ ಕಣ್ಣಿನಿಂದ ಎಣಿಸುತ್ತಿಲ್ಲ. ಒಂದೊಂದರ ಕೊರಳಿಗೂ ಬೇರೆ ಬೇರೆ ಸದ್ದಿನ ಗಂಟೆ ಕಟ್ಟಿ, ಸಂಜೆ ಕಣ್ಣು ಮುಚ್ಚಿ ಕುಳಿತು ಕೇಳಿಸಿಕೊಳ್ಳುತ್ತಾನೆ. ಎಲ್ಲವೂ ಕೇಳಿಸಿದ ಮೇಲೆ ರೊಟ್ಟಿ ಮುರಿಯುತ್ತಾನೆ. ಮೊದಲ ತುಂಡು ನಾಯಿ ಬೆಲ್ಚಾಗೆ, ಎರಡನೆಯದು ನನಗೆ.

ಧಣಿಗೆ ಹೇಳಲೇ ಅಂತ ಯೋಚಿಸಿದೆ. ನೀನು ಹೇಳಿದಾಗ ಏನಾಯಿತು ಅಂತ ನೆನೆದು ಬಾಯಿ ಮುಚ್ಚಿಕೊಂಡೆ.

ಹೊರಡುವಾಗ ಮಾವ ನನ್ನ ತೋಳು ಹಿಡಿದು, "ಈ ವರ್ಷ ಬೇಗ ಬರುತ್ತೆ ಕಣೆ ಹಿಮ. ಕುರಿಗಳು ಘಾಟಿ ಕಡೆ ಮುಖ ಮಾಡ್ಕೊಂಡು ಮಲಗ್ತಿವೆ. ಗಾಡಿ ರೆಡಿ ಮಾಡ್ಕೊ" ಅಂದ. ನಾನು ನೋಡಿದೆ. ನಿಜವಾಗಿಯೂ ಅಷ್ಟೂ ಕುರಿಗಳು ಒಂದೇ ಕಡೆ ಮುಖ ಮಾಡಿ ಮಲಗಿದ್ದವು. ಮೇಯುವ ಹೊತ್ತಿನಲ್ಲಿ ಮಲಗಿದ್ದವು.

ಗೆಣ್ಣು ಸಿಕ್ಕಿತೇ?

ನಿನ್ನ
ಮಾಯಲೆನ್


ಎಲ್ಕೊ
೯ ಅಕ್ಟೋಬರ್

ಮಗಳೇ,

ಸಿಕ್ಕಿತು! ಉತ್ತರದ ಗಡಿಯ ಹತ್ತಿರ, ಸೇಜ್ ಗಿಡಗಳ ನಡುವೆ ಒಂದು ಗುಜರಿ. ಯಜಮಾನಿಗೆ ಇಡೀ ದಿನ ಹಾಳು, ಅದಕ್ಕೆ ನಾನು ಈ ವಾರವೆಲ್ಲ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯಬೇಕಂತೆ.

ಗುಜರಿಯವನು ಮೊದಲು ಆ ಗಾಡಿಯನ್ನು ತೋರಿಸಲೇ ಇಲ್ಲ. ಬೇಲಿಯ ಮೂಲೆಯಲ್ಲಿ ಬೇರೆಯಾಗಿ ನಿಂತಿತ್ತು, ನಾನೇ ನೋಡಿ ಕೇಳಿದೆ.

"ಅದು ಬೇಡ ಬಿಡಿ" ಅಂದ.

"ಯಾಕೆ? ಎಡಗಡೆ ಮುಂಭಾಗ ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿದೆ. ಅದರ ಯಜಮಾನ ಚೆನ್ನಾಗಿಲ್ಲ. ಒಂದು ತಿರುವಿನಲ್ಲಿ ತಿರುಗದೇ ನೇರ ಹೋಗ್ಬಿಟ್ಟ. ಕುಡಿದಿರಲಿಲ್ಲ, ನಿದ್ದೆಗೂ ಜಾರಿರಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ನಾನು ಅರ್ಧ ಗಂಟೆ ಅದರ ಕೆಳಗೆ ಮಲಗಿದ್ದೆ. ಮೇಲೇಳುವುದಕ್ಕೆ ಇಬ್ಬರು ಹಿಡಿದೆತ್ತಬೇಕಾಯಿತು. ಕಬ್ಬಿಣದಲ್ಲಿ ದೋಷವಿಲ್ಲ. ಬಿರುಕಿಲ್ಲ, ಬೇರಿಂಗ್ ಕೂರುವ ಜಾಗ ಕನ್ನಡಿಯಂತಿದೆ. ಬಿಚ್ಚಿಸಿಕೊಂಡು ಬಂದೆ. ಅಲ್ಲಿ ಕಂಡದ್ದನ್ನೆಲ್ಲ ಬರೆಯುತ್ತ ಕೂರುವುದಿಲ್ಲ. ಆಗಬೇಕಾದದ್ದನ್ನು ಸರಿಮಾಡಿ ಕಳಿಸಿದ್ದೇನೆ, ನೀನು ಹೆದರಬೇಕಾದ್ದಿಲ್ಲ.

ಇದು ನಿನ್ನದಕ್ಕಿಂತ ಒಂದು ವರ್ಷ ಹೊಸದು. ನಿನ್ನ ಹಳೆಯ ಗೆಣ್ಣಿಗೆ ಸ್ಟಿಯರಿಂಗ್ ತೋಳು ಎರಕದಲ್ಲೇ ಅಂಟಿಕೊಂಡಿತ್ತು. ಇದರಲ್ಲಿ ತೋಳು ಬೇರೆ, ಮೂರು ಬೋಲ್ಟುಗಳ ಮೇಲೆ ಕೂರುತ್ತದೆ. ಬೋಲ್ಟು ಹೊಸವು. ಸಣ್ಣ ಸಾಮಾನೆಲ್ಲ ಡಬ್ಬಿಗಳಲ್ಲಿವೆ, ಒಣಹುಲ್ಲಿನಲ್ಲಿ ಕೈಯಾಡಿಸಿ ಹುಡುಕು. ಒಂದನ್ನೂ ಬಿಡದೆ ಹಾಕು. ನೀನು ನನ್ನ ಪಕ್ಕದಲ್ಲಿ ಬೆಳೆದವಳು, ಹೆಚ್ಚು ಹೇಳಬೇಕಾಗಿಲ್ಲ.

ಪೆಟ್ಟಿಗೆ ಬಸ್ಸಿನಲ್ಲಿ ಕಣಿವೆ ಬಾಯಿಯ ಅಂಗಡಿಗೆ ಬರುತ್ತದೆ, ವರ್ನ್ ಟಪಾಲಿನ ಜೊತೆ ತಂದುಕೊಡುತ್ತಾನೆ.

ಬಸ್ಸು ಹೊರಡುವ ಹೊತ್ತಾಯಿತು. ಅವಸರದಲ್ಲಿ ಬರೆದಿದ್ದೇನೆ.

ಅಪ್ಪ


ಟಾಲಿವರ್ ಕಣಿವೆ
೧೯ ಅಕ್ಟೋಬರ್, ಸೋಮವಾರ

ನನ್ನ ಗುಜರಿಯಪ್ಪಾ,

ನಿನಗೊಂದು ಮುತ್ತು, ಯಜಮಾನಿಗೊಂದು ಮುತ್ತು, ಬೆಳ್ಳುಳ್ಳಿಗೂ ಒಂದು ಮುತ್ತು!

ಪೆಟ್ಟಿಗೆ ಶುಕ್ರವಾರ ಬಂತು. ವರ್ನ್ ಅರ್ಧ ದಿನ ಟಪಾಲು ಮರೆತು ನನ್ನ ಜೊತೆ ಗ್ರೀಸಿನಲ್ಲಿ ಮುಳುಗಿದ. ಹಳೆಯದು ಸುತ್ತಿಗೆ ಪೆಟ್ಟಿಗೇ ಎರಡು ತುಂಡಾಗಿ ಕೈಗೆ ಬಂತು. ಅದರ ಮೇಲೆ ಹಳ್ಳದಿಂದ ಮನೆಯವರೆಗೂ ಬಂದಿದ್ದೆ ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಫಿ ಡಬ್ಬಿಯಲ್ಲಿ ನೀನಿಟ್ಟಿದ್ದ ನಟ್ಟು, ಸೀಲು, ಬೇರಿಂಗು ಎಲ್ಲವನ್ನೂ ಹಾಕಿದೆ, ಒಂದೂ ಉಳಿಸಲಿಲ್ಲ. ಹೊಸ ತೋಳನ್ನು ಕೂರಿಸಿ ಮೂರು ನಟ್ಟುಗಳನ್ನೂ ಪೈಪು ಸೇರಿಸಿದ ಸ್ಪ್ಯಾನರಿನಿಂದ ಬಿಗಿದೆ. ವರ್ನ್ ಕೂಡ ಜೋತುಬಿದ್ದ. ಸ್ಟಿಯರಿಂಗ್ ಈಗ ಒಂದು ಬೆರಳಿನಲ್ಲಿ ತಿರುಗುತ್ತದೆ.

ನಿನ್ನೆ ಮೇಲೆ ಹೋಗಿದ್ದೆ. ಘಾಟಿಯ ಆಚೆ ಮೊಣಕೈ ತಿರುವಿನಲ್ಲಿ ಇಳಿಯುವಾಗ ಮುಂದುಗಡೆ 'ಟಕ್' ಅಂತ ಒಂದು ಸದ್ದು ಬಂತು. ಒಂದೇ ಸಲ. ಹೊಸ ಸಾಮಾನು ಕೂತುಕೊಳ್ಳುತ್ತಿರಬೇಕು. ವಾಪಸು ಬರುವಾಗ ಎರಡು ಸಲ ಬಂತು. ನಾನು ವಾಪಸು ಹೊರಡಲು ಗಾಡಿ ತಿರುಗಿಸಿದಾಗಲೇ ಮಾವನಿಗೂ ಒಂದು ಕೇಳಿಸಿತ್ತು, ಕೈಯೆತ್ತಿ ನಿಲ್ಲಿಸಿ, "ಅದೇನೇ ಅದು ಟಕ್ ಅಂದಿದ್ದು?" ಅಂದ. ಹೊಸ ತೋಳು, ಮೂರು ಬೋಲ್ಟಿನದು ಅಂತ ವಿವರಿಸಿದೆ. ಅವನು ಚಕ್ರದ ಹತ್ತಿರ ಕಿವಿಯಿಟ್ಟು ಸ್ವಲ್ಪ ಹೊತ್ತು ನಿಂತು, "ಹೂಂ" ಅಂದ.

ಆಲಿಕಲ್ಲು ಬಿದ್ದದ್ದರಿಂದ ಮೊದಲನೆಯ ಸಲ ಗಾಲಿಮನೆಯೊಳಗೆ ಕರೆದ. ಈ ಸಲ ನೀನು ಕಾಗದದಲ್ಲಿ ಅವನನ್ನು ವಿಚಾರಿಸಿಯೇ ಇರಲಿಲ್ಲ, ಮರೆತೆಯೇನೋ ಅಂದುಕೊಂಡಿದ್ದೆ. ಆದರೆ ಪೆಟ್ಟಿಗೆಯ ಹುಲ್ಲಿನ ಕೆಳಗೆ ಅವನ ತಂಬಾಕಿನ ಡಬ್ಬಿ ಇತ್ತು. ಎಂದಿಗಿಂತ ಭಾರವಾಗಿತ್ತು. ಕೊಟ್ಟೆ. ಅವನು ತಲೆಯ ಮೇಲಿನ ಹಲಗೆಗೆ ಕೈ ಚಾಚಿ ಅದನ್ನು ಇಟ್ಟ. ಆಗ ನೋಡಿದೆ ಅಪ್ಪಾ. ನಿನ್ನ ಡಬ್ಬಿಗಳು. ಒಂಬತ್ತು ವರ್ಷದ ಅಷ್ಟೂ ಡಬ್ಬಿಗಳು, ಒಂದರ ಮೇಲೊಂದು. ಒಂದನ್ನೂ ತೆರೆದಿಲ್ಲ.

"ಸೇದೋದಿಲ್ವಾ ಮಾವ?" ಅಂದೆ.

"ಸೇದ್ತೀನಿ. ಅಂಗಡೀದು ನೀನೇ ತಂದುಕೊಡ್ತೀಯಲ್ಲ."

"ಮತ್ತೆ ಇವು?"

"ಅವು ನಿಮ್ಮಪ್ಪಂದು."

ಬಿಸಾಡುವುದೂ ಇಲ್ಲ, ಬಿಚ್ಚುವುದೂ ಇಲ್ಲ. ನಿಮ್ಮಿಬ್ಬರ ಹಣೆಗೆ ಹಣೆ ಡಿಕ್ಕಿ ಹೊಡೆಸಬೇಕು ಅನಿಸಿತು. ನಿನಗೆ ಬೇಸರವಾಗುತ್ತದೆ ಅಂತ ಗೊತ್ತು, ಆದರೂ ಹೇಳದೆ ಇರಲಾರದೆ ಬರೆದೆ.

ಮುಂದಿನ ಬುಧವಾರ, ೨೮ಕ್ಕೆ, ಹಿಂಡನ್ನೂ ಮಾವನನ್ನೂ ಇಳಿಸಿಕೊಂಡು ಬರಲು ಹೋಗುತ್ತೇನೆ. ಆಮೇಲೆ ಎಲ್ಕೊಗೆ ಬಂದು ನಿನ್ನ ಬೆಳ್ಳುಳ್ಳಿ ನಾನೇ ಸುಲಿಯುತ್ತೇನೆ.

ಮಾಯಲೆನ್


ಎಲ್ಕೊ
೨೩ ಅಕ್ಟೋಬರ್, ಶುಕ್ರವಾರ

ಮಾಯಲೆನ್,

ಗಾಡಿ ಹತ್ತಬೇಡ. ಈ ಕಾಗದವನ್ನು ನಿಂತಲ್ಲೇ ಓದು, ಓದಿದ ಮೇಲೆ ಕೀಲಿಯನ್ನು ವರ್ನ್ ಕೈಗೆ ಕೊಡು.

ಆ ಡಬ್ಬಿಯಲ್ಲಿ ತಂಬಾಕು ಇರಲಿಲ್ಲ.

ಗಮನವಿಟ್ಟು ಓದು. ಗೆಣ್ಣಿನ ಮೇಲೆ ತೋಳು ಕೂರುತ್ತದಲ್ಲ, ಅಲ್ಲಿ ತೋಳಿನ ತೂತುಗಳು ಮೇಲ್ಗಡೆ ಅಗಲ. ಆ ಅಗಲವನ್ನು ತುಂಬುವುದಕ್ಕೆ ಮೂರು ಸಣ್ಣ ಬಿಲ್ಲೆಗಳಿರುತ್ತವೆ. ಕುರಿಮರಿಯ ಗಂಟೆಯ ನಾಲಿಗೆಯಷ್ಟು ಚಿಕ್ಕವು, ಕೆಳಗೆ ಸಪೂರ, ಒಂದು ಪಕ್ಕ ಸೀಳಿರುತ್ತವೆ. ಬೋಲ್ಟಿಗೊಂದು. ನಟ್ಟು ಬಿಗಿದಾಗ ಅವು ಬೆಣೆಯಂತೆ ಒಳಗಿಳಿದು ತೋಳನ್ನು ಅಲುಗದಂತೆ ಹಿಡಿಯುತ್ತವೆ. ಅವಿಲ್ಲದೆಯೂ ನಟ್ಟು ಬಿಗಿಯಾಗುತ್ತದೆ, ಕೈಗೆ ಸರಿಯಾಗಿಯೇ ಇದೆ ಅನಿಸುತ್ತದೆ. ಆದರೆ ಪ್ರತಿ ತಿರುವಿನಲ್ಲೂ ತೋಳು ಕೂದಲೆಳೆಯಷ್ಟು ಜರುಗುತ್ತದೆ. ನಿನಗೆ ಕೇಳಿಸಿದ ಟಕ್ ಅದೇ. ಜರುಗಿ ಜರುಗಿ ಬೋಲ್ಟುಗಳು ತುಂಡಾಗುತ್ತವೆ. ಆಮೇಲೆ ನಿನ್ನ ಕೈಯಲ್ಲಿ ಸ್ಟಿಯರಿಂಗ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ.

ಗುಜರಿಯ ಆ ಗಾಡಿಯಲ್ಲಿ ಬಿಲ್ಲೆಗಳು ಇರಲಿಲ್ಲ. ಯಾರೋ ರಿಪೇರಿ ಮಾಡಿ ಹಾಕದೆ ಬಿಟ್ಟಿದ್ದರು. ಆ ಮನುಷ್ಯ ನೇರ ಹೋದದ್ದು ಯಾಕೆ ಅಂತ ಕೆಳಗೆ ಮಲಗಿದ್ದ ನನಗೆ ಗೊತ್ತಾಯಿತು. ನಿನಗೆ ಬರೆಯಲಿಲ್ಲ, ಹೆದರುತ್ತೀಯ ಅಂತ. ಬೇರೊಂದು ಗಾಡಿಯಿಂದ ಮೂರು ಬಿಲ್ಲೆ ಕೀಳಿಸಿಕೊಂಡು ಬರುವಷ್ಟರಲ್ಲಿ ಯಜಮಾನಿಯ ತಮ್ಮ ಪೆಟ್ಟಿಗೆಗೆ ಮೊಳೆ ಹೊಡೆದುಬಿಟ್ಟಿದ್ದ. ನನ್ನ ಕೋಣೆಯಲ್ಲಿ ಇದ್ದದ್ದು ಎರಮುನ್‌ಗೆ ಅಂತ ತಂದಿದ್ದ ಡಬ್ಬಿ ಒಂದೇ. ತಂಬಾಕು ಸುರಿದು, ಬಿಲ್ಲೆಗಳನ್ನು ಚಿಂದಿಯಲ್ಲಿ ಸುತ್ತಿ ಅದರಲ್ಲಿಟ್ಟು, ಹಲಗೆಯ ಸಂದಿಯಿಂದ ತುರುಕಿದೆ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಡಬ್ಬಿ ಬಿಚ್ಚುತ್ತೀಯ ಅಂದುಕೊಂಡೆ. ಬಿಚ್ಚಬಾರದು ಅಂತ ನಿನಗೆ ಕಲಿಸಿದವನು ನಾನೇ ಅನ್ನುವುದು ಹೊಳೆಯಲೇ ಇಲ್ಲ.

ನಿನ್ನನ್ನು ಕಾಯಬೇಕಾದ್ದು ಅವನ ಹಲಗೆಯ ಮೇಲೆ ಕೂತಿದೆ. ಅವನು ಅದನ್ನು ಎಂದೂ ತೆರೆಯುವುದಿಲ್ಲ.

ನಿಮ್ಮಲ್ಲಿ ಫೋನಿಲ್ಲ, ಯಜಮಾನಿ ಕಾರು ತೆಗೆದುಕೊಂಡು ಮುಂದಿನ ವಾರದವರೆಗೆ ಊರಲ್ಲಿಲ್ಲ, ಅಂಗಡಿಗೆ ಫೋನ್ ಮಾಡಿದೆ. "ವರ್ನ್ ಇವತ್ತಿನ ಟಪಾಲು ತಗೊಂಡು ಹೊರಟಾಯ್ತು ಬೆತ್ತಿರಿ. ಇನ್ನು ಮಂಗಳವಾರವೇ" ಅಂದರು. ಬೇರೆ ಯಾರನ್ನಾದರೂ ಕಳಿಸಿ ಅಂದರೆ, ಇರುವ ಗಂಡಸರೆಲ್ಲ ದನ ಇಳಿಸಲು ಬೆಟ್ಟಕ್ಕೆ ಹೋಗಿದ್ದಾರಂತೆ. ನೀನು ಹೊರಡುವುದು ಬುಧವಾರ. ಮಂಗಳವಾರ ಇದು ನಿನ್ನ ಕೈಯಲ್ಲಿರುತ್ತದೆ. ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ಗಾಡಿ ಹತ್ತಬೇಡ ಮಗಳೇ.

ಅಪ್ಪ


ಟಾಲಿವರ್ ಕಣಿವೆ
೨೫ ಅಕ್ಟೋಬರ್, ಭಾನುವಾರ

ಅಪ್ಪಾ,

ಎರಡೇ ಸಾಲು. ಮಂಗಳವಾರಕ್ಕೆ ದೊಡ್ಡ ಹಿಮ ಅಂತ ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಘಾಟಿಯ ತುದಿ ಈಗಲೇ ಬೆಳ್ಳಗಾಗಿದೆ. ಬುಧವಾರದವರೆಗೆ ಕಾದರೆ ಮಾವ ಆ ಕಡೆ ಉಳಿದುಬಿಡುತ್ತಾನೆ, ಅದೂ ಆ ಕಣ್ಣಿನಲ್ಲಿ. ನಾಳೆ ಬೆಳಕು ಹರಿಯುತ್ತಲೇ ಹೊರಡುತ್ತೇನೆ. ಇದನ್ನು ವರ್ನ್‌ಗೆ ಅಂತ ಟಪಾಲು ಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತೇನೆ.

ನಿನ್ನ ಗೆಣ್ಣು ಗಟ್ಟಿಯಾಗಿದೆ, ಯೋಚನೆ ಮಾಡಬೇಡ.

ಮಾಯಲೆನ್


ಎಲ್ಕೊ
೩೧ ಅಕ್ಟೋಬರ್

ಮಾಯಲೆನ್,

ಮಂಗಳವಾರ ವರ್ನ್ ಅಂಗಡಿಯಿಂದ ಫೋನ್ ಮಾಡಿದ. ನನ್ನ ಕಾಗದವನ್ನು ಪೆಟ್ಟಿಗೆಗೆ ಹಾಕುವಾಗ ಅಲ್ಲಿ ನಿನ್ನದು ಇತ್ತಂತೆ. ಕೊಟ್ಟಿಗೆ ಖಾಲಿಯಂತೆ. ಚಕ್ರದ ಗುರುತೂ ಹಿಮದಲ್ಲಿ ಮುಚ್ಚಿಹೋಗಿದೆಯಂತೆ. ಫೋನಿನಲ್ಲೇ ಓದಿಸಿಕೊಂಡೆ. 'ನಿನ್ನ ಗೆಣ್ಣು ಗಟ್ಟಿಯಾಗಿದೆ' ಅಂತ ಅವನು ಓದಿದಾಗ ಫೋನು ಕೆಳಗಿಟ್ಟುಬಿಟ್ಟೆ.

ಘಾಟಿ ಮುಚ್ಚಿದೆ. ಹಿಮ ತೆಗೆಯುವ ಗಾಡಿ ಹೆದ್ದಾರಿಯನ್ನು ಮುಗಿಸಿದ ಮೇಲೆಯೇ ನಿಮ್ಮ ಕಡೆ ಬರುವುದಂತೆ. ಬಸ್ಸಿಲ್ಲ. ನಡೆದೇ ಹೊರಟಿದ್ದೆ, ಯಜಮಾನಿ ನನ್ನ ಬೂಟುಗಳನ್ನು ಬಚ್ಚಿಟ್ಟಿದ್ದಾಳೆ.

ಈ ಕಾಗದವನ್ನು ಯಾರಿಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಬರೆಯದೆ ಕೂತರೆ ಆ ಟಕ್ ಕೇಳಿಸುತ್ತದೆ.

ಅಪ್ಪ


ಟಾಲಿವರ್ ಕಣಿವೆ
೪ ನವೆಂಬರ್

ಬೆತ್ತಿರಿ,

ನಿನ್ನ ಮಗಳು ಬದುಕಿದ್ದಾಳೆ. ನೀನು ಕಾಗದವನ್ನು ಕೊನೆಯಿಂದ ಓದುತ್ತೀಯಂತೆ, ಅದಕ್ಕೇ ಕೊನೆಯಲ್ಲೂ ಇದನ್ನೇ ಬರೆಯಬೇಕು ಅಂತ ಹೇಳಿದ್ದಾಳೆ. ಬಲಗಡೆ ಕೊರಳೆಲುಬು ಮುರಿದಿದೆ, ಬರೆಯಲಾರಳು. ನಾನೇ ಬರೆಯಬೇಕಾಯಿತು. ಅಕ್ಷರ ದೊಡ್ಡದಾಗಿದೆ, ಸಾಲು ಎಲ್ಲೆಲ್ಲಿಗೋ ಹೋಗಿರುತ್ತದೆ, ಓದಿಕೊ.

ಆ ಭಾನುವಾರ ನನ್ನ ತಂಬಾಕು ಮುಗಿಯಿತು. ಗಾಳಿ ಏಳುತ್ತಿತ್ತು, ಕುರಿಗಳು ಸದ್ದು ಮಾಡುತ್ತಿರಲಿಲ್ಲ. ಒಂಬತ್ತು ವರ್ಷ ಕಾಪಾಡಿದ ಹಟ ಒಂದು ಸಂಜೆಯ ಚಟಕ್ಕೆ ಸೋತಿತು. ಮೇಲಿನ ಡಬ್ಬಿ ಹೊಸದು, ಇನ್ನೂ ಹಸಿಯಾಗಿರುತ್ತದೆ ಅಂತ ಅದನ್ನೇ ತೆಗೆದೆ. ಒಳಗೆ ಚಿಂದಿ, ಚಿಂದಿಯೊಳಗೆ ಕಬ್ಬಿಣ. ಮೊದಲು ನೀನು ನನ್ನನ್ನು ಗೇಲಿ ಮಾಡುತ್ತಿದ್ದೀಯ ಅಂದುಕೊಂಡೆ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಬೆರಳಿನಲ್ಲಿ ತಿರುಗಿಸಿದೆ. ಸಪೂರ ತುದಿ, ಪಕ್ಕದಲ್ಲಿ ಸೀಳು. ಹಳೆಯ ಧಣಿಯ ಗಾಡಿಯ ಕೆಳಗೆ ನೀನೂ ನಾನೂ ಇಂಥ ಒಂದು ಬಿಲ್ಲೆಗಾಗಿ ಅರ್ಧ ದಿನ ಮಣ್ಣು ಸೋಸಿದ್ದು ನೆನಪಿದೆಯೇ? ಮೂರು ಬೋಲ್ಟಿನ ತೋಳು ಅಂತ ಹುಡುಗಿ ಹೇಳಿದ್ದಳು. ಟಕ್ ಅಂದದ್ದನ್ನು ನಾನೇ ಕೇಳಿದ್ದೆ. ಕೇಳಿಯೂ 'ಹೂಂ' ಅಂದು ಸುಮ್ಮನಾಗಿದ್ದೆ.

ಹಿಮದ ವಾಸನೆ ಬರುತ್ತಿತ್ತು. ಅವಳು ಬುಧವಾರದವರೆಗೆ ಕಾಯುವವಳಲ್ಲ, ನಿನ್ನ ಮಗಳು. ಬೆಳಿಗ್ಗೆಯೇ ಘಾಟಿ ಹತ್ತಿ ಆ ಕಡೆಯೇ ಅವಳನ್ನು ನಿಲ್ಲಿಸಬೇಕು ಅಂದುಕೊಂಡೆ. ಆದರೆ ಬಿಳಿಯ ಮೇಲೆ ಬಿಳಿ ಬಿದ್ದಾಗ ನನಗೆ ದಾರಿ ಯಾವುದು, ಕೊಳ್ಳ ಯಾವುದು ತಿಳಿಯುವುದಿಲ್ಲ. ಕುರಿಗಳಿಗೆ ತಿಳಿಯುತ್ತದೆ. ಅಷ್ಟೂ ಹಿಂಡನ್ನು ಎಬ್ಬಿಸಿ ದಾರಿಗೆ ಬಿಟ್ಟೆ. ಹಿಂಡಿನ ಮುಂದೆ ನಡೆಯುವ ಗಂಟೆಯ ಟಗರಿನ ಬೆನ್ನಿನ ಉಣ್ಣೆ ಹಿಡಿದು ನಾನೂ ನಡೆದೆ. ದಾರಿ ತುಂಬ ಕುರಿ ಕಂಡರೆ ಅವಳು ದೂರದಿಂದಲೇ ನಿಲ್ಲಿಸುತ್ತಾಳೆ ಅನ್ನುವುದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಹಿಂಡು ಮೊಣಕೈ ತಿರುವಿಗೆ ಬಂದಾಗಲೇ ಮೇಲಿನಿಂದ ಗಾಡಿಯ ಸದ್ದು ಕೇಳಿಸಿತು. ತಿರುವಿನ ಆಚೆ ಏನಿದೆ ಅಂತ ಅವಳಿಗೆ ಕಾಣುವುದಿಲ್ಲ. ಟಗರನ್ನು ಬಿಟ್ಟು, ಬೆಟ್ಟದ ಮಗ್ಗುಲಿಗೆ ಸರಿದು ಕೂಗಿದೆ. ಗಾಳಿಯಲ್ಲಿ ನನ್ನ ಕೂಗು ಎಲ್ಲಿ ಕೇಳಿಸಬೇಕು! ಅವಳು ತಿರುವಿಗೆ ಸ್ಟಿಯರಿಂಗ್ ತಿರುಗಿಸಿದಳು. ಈ ಸಲ ಟಕ್ ಅನ್ನಲಿಲ್ಲ ಬೆತ್ತಿರಿ, ಫಟ್ ಅಂದಿತು. ಬ್ರೇಕ್ ಕೂಗಿತು, ಗಾಡಿ ತಿರುಗಲಿಲ್ಲ. ಕೊಳ್ಳದ ಕಡೆಗೆ ನೇರ ಬಂತು.

ಆ ಅಂಚಿನಲ್ಲಿ ನನ್ನ ಕುರಿಗಳು ನಿಂತಿದ್ದವು. ಹಿಂದಿನವು ತಳ್ಳಿದ್ದಕ್ಕೆ ಒತ್ತೊತ್ತಾಗಿ ನಿಂತಿದ್ದವು. ಗಾಡಿ ಅವುಗಳ ಮೇಲೆ ಹತ್ತಿತು, ಅವುಗಳ ಮೇಲೆಯೇ ನಿಂತಿತು. ಎಡಗಡೆಯ ಮುಂದಿನ ಚಕ್ರದ ಕೆಳಗೆ ನೆಲವಿರಲಿಲ್ಲ, ಗಾಳಿ ಇತ್ತು. ಅವಳನ್ನು ನಾನು ಕೈಯಿಂದ ತಡವಿ ಹುಡುಕಿ ಎಳೆದುಕೊಂಡೆ. ಬೆಚ್ಚಗಿದ್ದಳು. "ಮಾವ, ಕುರಿಗಳು" ಅಂದಳು. "ಸುಮ್ನಿರು, ಮಾತಾಡಬೇಡ" ಅಂದೆ.

ನಾನು ಕುರುಬನಾಗಿ ಈ ದೇಶಕ್ಕೆ ಬಂದಾಗ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಂದಿನಿಂದ ಒಂದು ಕುರಿಯನ್ನೂ ಚಕ್ರದ ಮುಂದೆ ಬಿಟ್ಟವನಲ್ಲ. ಗಂಟೆಯ ಟಗರು ಹೋಯಿತು. ಅದರ ಹಿಂದಿನ ಒಳ್ಳೆಯ ಕುರಿಗಳು ಹೋದವು. ಕೆಲವು ಆ ಸಂಜೆಯವರೆಗೂ ಸಾಯಲಿಲ್ಲ, ಚಾಕು ಹಿಡಿದು ಹೋಗಿ ನಾನೇ ಮುಗಿಸಬೇಕಾಯಿತು. ಗಾಲಿಮನೆಗೆ ವಾಪಸು ಬಂದು, ಅವಳ ಎಲುಬು ಕಟ್ಟಿ, ಹೊರಗೆ ಕುಳಿತು ಗಂಟೆಗಳನ್ನು ಕೇಳಿಸಿಕೊಂಡೆ. ಕರಿಯವುಗಳಲ್ಲಿ ಒಂದು ಗಂಟೆ ಕಡಿಮೆ ಇತ್ತು. ಮತ್ತೆ ಮತ್ತೆ ಕೇಳಿಸಿಕೊಂಡೆ. ಕಡಿಮೆಯೇ ಇತ್ತು. ಆವತ್ತು ರೊಟ್ಟಿ ಮುರಿಯಲಿಲ್ಲ, ಬೆಲ್ಚಾ ಉಪವಾಸ ಮಲಗಿತು.

ಹಿಮ ತೆಗೆಯುವ ಗಾಡಿ ಬಂದು ನಮ್ಮನ್ನು ಇಳಿಸಿತು, ಉಳಿದ ಕುರಿಗಳು ಅದು ಬಿಡಿಸಿದ ದಾರಿಯಲ್ಲೇ ಹಿಂದೆ ಬಂದವು. ನಿನ್ನ ಎರಡು ಕಾಗದಗಳೂ ಪೆಟ್ಟಿಗೆಯಲ್ಲಿದ್ದವು. ಅವಳು ಎಡಗೈಯಲ್ಲಿ ಹಿಡಿದು ನನಗೆ ಓದಿ ಹೇಳಿದಳು, ನಡುವೆ ಓದಲಾಗದೆ ನಿಲ್ಲಿಸಿದಳು.

ನಿನ್ನೆ ಧಣಿ ಬಂದಿದ್ದ. ಹುಡುಗಿ ಹೇಗಿದ್ದಾಳೆ ಅಂತ ಕೇಳಲಿಲ್ಲ. "ಇಡೀ ದಾರಿ ತುಂಬ ಕುರಿ ಬಿಟ್ಟಿದ್ದೀಯಲ್ಲೋ, ಕಣ್ಣು ಕಾಣಲ್ವೇನೋ ನಿಂಗೆ?" ಅಂತ ಕೂಗಾಡಿದ.

"ಇಲ್ಲ ಧಣಿ, ಕಾಣಲ್ಲ" ಅಂದೆ. "ಬೆತ್ತಿರಿ ನಿಮಗೆ ಅವತ್ತೇ ಹೇಳಿದ್ನಲ್ಲ."

ಅವನು ತನ್ನ ಕಾರು ಹತ್ತಿ ಹೋದ. ಮೇಲಿನ ಕೆಲಸ ನನಗಿನ್ನಿಲ್ಲ. ನಿಮ್ಮ ಊಟದಮನೆಯಲ್ಲಿ ಕೋಣೆ ಖಾಲಿ ಇದೆಯೇ ಅಂತ ಯಜಮಾನಿಯನ್ನು ಕೇಳು. ಬೆಳ್ಳುಳ್ಳಿ ಸುಲಿಯುವುದಕ್ಕೆ ಕಣ್ಣು ಬೇಡ.

ಡಬ್ಬಿಗಳನ್ನು ಬಿಟ್ಟು ಬರಲಿಲ್ಲ, ಹಿಮದ ಗಾಡಿಯಲ್ಲೇ ಹೇರಿ ತಂದಿದ್ದೇನೆ. ತಂಬಾಕೆಲ್ಲ ಒಣಗಿ ಪುಡಿಯಾಗಿದೆ, ಗಂಟಲಿಗೆ ಹತ್ತುತ್ತದೆ. ಎಲ್ಲಕ್ಕಿಂತ ಹಳೆಯದರಿಂದ ಸೇದಲು ಶುರು ಮಾಡಿದ್ದೇನೆ.

ನಿನ್ನ ಮಗಳು ಬದುಕಿದ್ದಾಳೆ.

ಎರಮುನ್